ಒಳ್ಳೆಯ ಕೈಯನ್ನು ಕಟ್ಟಿಹಾಕಿದ ಮೇಲೆ

ಆಲ್ಫ್ ಬ್ರೋಡಾಲ್ ನಾರ್ವೆಯವರು. ಮೆದುಳಿನ ನರಗಳ ಹಾದಿ ಹುಡುಕುವುದರಲ್ಲೇ ಆಯುಷ್ಯ ಕಳೆದ ಪ್ರೊಫೆಸರ್. ನರರೋಗ ಕಲಿಯುವವರು ಅವರ ಪಠ್ಯಪುಸ್ತಕ ಹಿಡಿದು ಕೂರುತ್ತಿದ್ದ ಕಾಲವೊಂದಿತ್ತು. 1972ರ ಏಪ್ರಿಲ್‌ನಲ್ಲಿ, 62ನೇ ವಯಸ್ಸಿನಲ್ಲಿ, ಅವರಿಗೇ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಸ್ವಾಧೀನ ತಪ್ಪಿದವು. ಮರುವರ್ಷ ಅವರು ‘ಬ್ರೈನ್’ ಎಂಬ ವೈದ್ಯಕೀಯ ಪತ್ರಿಕೆಗೆ ತಮ್ಮನ್ನೇ ರೋಗಿಯಾಗಿಟ್ಟುಕೊಂಡು ಒಂದು ಲೇಖನ ಬರೆದರು. ಪಾರ್ಶ್ವವಾಯುವಿನ ಬಗ್ಗೆ ನಾನು ಓದಿರುವುದರಲ್ಲಿ ಇಷ್ಟು ನಿಷ್ಠುರವಾದ, ಇಷ್ಟು ನಿರಾಳವಾದ ಬರಹ ಇನ್ನೊಂದಿಲ್ಲ.

ಅದರಲ್ಲಿ ಬೋ ಟೈ ಕಟ್ಟಿಕೊಳ್ಳುವ ಪ್ರಸಂಗವೊಂದಿದೆ. ವರ್ಷಗಟ್ಟಲೆ ಕನ್ನಡಿ ಮುಂದೆ ನಿಂತು ಯೋಚನೆಯೇ ಇಲ್ಲದೆ ಕಟ್ಟಿಕೊಂಡಿದ್ದ ಗಂಟು ಅದು. ಈಗ ಬೆರಳುಗಳಿಗೆ ಮುಂದಿನ ಹೆಜ್ಜೆಯೇ ಗೊತ್ತಿಲ್ಲ. ಶಕ್ತಿ ಕಡಿಮೆಯಾಗಿದ್ದಷ್ಟೇ ಕಾರಣವಲ್ಲ, ಸರಾಗವಾಗಿ ಒಂದರ ಹಿಂದೊಂದು ಬರುತ್ತಿದ್ದ ಚಲನೆಗಳ ಸರಪಳಿ ನಡುವೆ ತಡವಾಗಿ ತಡವಾಗಿ ತುಂಡಾಯಿತು ಎಂದು ಅವರು ಗುರುತಿಸಿದರು. ಬೆರಳೊಂದನ್ನು ಅಲುಗಿಸಲು ಬೇಕಾಗುವ ಮನಸ್ಸಿನ ಬಲ ಎಷ್ಟೆಂಬುದನ್ನೂ ಬರೆದರು. ಹೊರಗಿನಿಂದ ನೋಡುವವರಿಗೆ ಅರ್ಧ ಅಂಗುಲದ ಅಲುಗಾಟ, ಒಳಗೆ ಬೆವರಿಳಿಸುವ ದುಡಿಮೆ. ಇನ್ನೂ ವಿಚಿತ್ರವೆಂದರೆ, ಲಕ್ವ ಹೊಡೆದದ್ದು ಎಡಕ್ಕೆ, ಆದರೆ ಬಲಗೈಯ ಅಕ್ಷರವೂ ಕೆಟ್ಟಿತ್ತು. ‘ಒಳ್ಳೆಯ ಕೈ’ ಎಂದು ನಾವು ಕರೆಯುವುದು ಪೂರ್ತಿ ಒಳ್ಳೆಯದಾಗಿರುವುದಿಲ್ಲ ಎಂಬುದನ್ನು ಅವರು ತಮ್ಮದೇ ಕೈಬರಹದಲ್ಲಿ ಕಂಡುಕೊಂಡರು.

ನಮ್ಮ ಕಡೆ ಲಕ್ವ ಹೊಡೆದವರ ಮನೆಗೆ ನೋಡಲು ಹೋದವರು ಮೊದಲು ಕೇಳುವುದು ‘ನಡೀತಾರಾ?’ ಅಂತ. ನಡೆಯುತ್ತಾರೆ ಎಂದರೆ ಅರ್ಧ ಗೆದ್ದ ಹಾಗೆ. ಕೈಯ ಮಾತು ಆಮೇಲೆ, ಅದೂ ದನಿ ತಗ್ಗಿಸಿ: ‘ಕಾಲು ಬಂತು, ಕೈ ಇನ್ನೂ ಬಂದಿಲ್ಲ.’ ಇದಕ್ಕೆ ದೇಹದೊಳಗಿನ ಕಾರಣವೇ ಇದೆ. ಬಹುಪಾಲು ಪಾರ್ಶ್ವವಾಯು ರಕ್ತನಾಳ ಕಟ್ಟಿಕೊಂಡು ಬರುವಂಥದ್ದು. ಅದರಲ್ಲೂ ಹೆಚ್ಚಾಗಿ ಕಟ್ಟಿಕೊಳ್ಳುವುದು ಮೆದುಳಿನ ಹೊರಮೈಗೆ ರಕ್ತ ಒಯ್ಯುವ ನಡುವಿನ ದೊಡ್ಡ ನಾಳ. ಕೈ, ಮುಖ, ಮಾತು ಇವುಗಳ ಜಾಗವೆಲ್ಲ ಆ ನಾಳದ ಪಾಲಿನದು. ಕಾಲಿನ ಜಾಗ ಒಳಮಗ್ಗುಲಲ್ಲಿದೆ, ಅದಕ್ಕೆ ನೀರುಣಿಸುವ ನಾಳ ಬೇರೆ. ಜೊತೆಗೆ ಕಾಲು ಸೆಟೆದುಕೊಂಡಿದ್ದರೂ ಕೋಲೂರಿ ನಡೆಯಬಹುದು. ಕೈ ಹಾಗಲ್ಲ. ಅರ್ಧ ಬಂದ ಕೈಯಲ್ಲಿ ಗುಂಡಿ ಹಾಕಲಾಗುವುದಿಲ್ಲ, ಮುದ್ದೆ ಮುರಿಯಲಾಗುವುದಿಲ್ಲ. ಬಲಗೈ ಹೋದವರಿಗಂತೂ ಊಟದ ಎಲೆಯ ಮುಂದೆ ಕೂರುವುದೇ ಒಂದು ಸಂಕಟ. ನಾಲ್ಕು ಜನರ ನಡುವೆ ಎಡಗೈಯಲ್ಲಿ ಅನ್ನ ಕಲಸುವುದಕ್ಕಿಂತ ಮದುವೆಮನೆಗೆ ಹೋಗದಿರುವುದೇ ವಾಸಿ ಎಂದುಕೊಂಡು ಮನೆಯಲ್ಲೇ ಉಳಿದವರು ನಮ್ಮ ನಿಮ್ಮ ಬಂಧುಗಳಲ್ಲೇ ಇದ್ದಾರೆ.

ಹುಬ್ಬಳ್ಳಿಯ ಒಂದು ಫಿಸಿಯೋಥೆರಪಿ ಕೋಣೆಯಲ್ಲಿ ಕಂಡದ್ದನ್ನು ಇಲ್ಲಿ ಹೇಳಬೇಕು. ಮೇಜಿನ ಮೇಲೆ ಒಂದು ಸ್ಟೀಲ್ ಲೋಟ, ಅದರಲ್ಲಿ ಅರ್ಧ ನೀರು. ಎದುರಿಗೆ ಅರವತ್ತರ ಆಸುಪಾಸಿನ ಒಬ್ಬರು, ಬಲಗೈ ಸೋತಿದೆ. ಲೋಟ ಹಿಡಿಯಲು ಕೈ ಚಾಚಬೇಕು. ಆದರೆ ಕೈ ಚಾಚುವ ಬದಲು ಅವರ ಭುಜ ಕಿವಿಯ ತನಕ ಏರುತ್ತದೆ, ಇಡೀ ಮೈ ಮುಂದಕ್ಕೆ ವಾಲುತ್ತದೆ, ಮೊಣಕೈ ಹೊರಗೆ ತಿರುಗುತ್ತದೆ. ಬೆರಳುಗಳು ಲೋಟದ ಹತ್ತಿರ ಬರುವಷ್ಟರಲ್ಲಿ ಮುಷ್ಟಿ ಕಟ್ಟಿಕೊಂಡಿರುತ್ತವೆ. ಬಿಚ್ಚುವುದೇ ಇಲ್ಲ.

‘ಕಾಕಾ, ಭುಜ ಎತ್ತಬ್ಯಾಡ್ರಿ. ಬೆನ್ನು ಕುರ್ಚಿಗೆ ಹತ್ತಿರ್ಲಿ. ಮೊಣಕೈ ಮುಂದ ತರ್ರಿ’ ಎನ್ನುತ್ತಾಳೆ ಥೆರಪಿಸ್ಟ್ ಹುಡುಗಿ. ಮತ್ತೆ. ಮತ್ತೆ. ಲೋಟ ಉರುಳಿ ನೀರು ಮೇಜಿನ ಮೇಲೆ ಹರಿಯಿತು. ಪಕ್ಕದಲ್ಲಿದ್ದ ಹೆಂಡತಿ ಸೆರಗಿನಿಂದ ಒರೆಸುತ್ತ, ‘ಸಾಕ್ ಬಿಡವ್ವಾ, ನೀರೇನ್ ನಾನ ಕುಡಸ್ತೀನಿ’ ಎಂದರು. ಹುಡುಗಿ ನಕ್ಕಳು: ‘ನೀವ ಕುಡಿಸಿದ್ರ ಕೈ ಯಾವಾಗ ಕಲೀತೈತ್ರಿ ಕಾಕೂ?’

ಕಳೆದ ಐವತ್ತು ವರ್ಷಗಳ ಸಂಶೋಧನೆಯ ಬಹುಪಾಲು ಈ ಒಂದು ಪ್ರಶ್ನೆಯ ಸುತ್ತಲೇ ನಡೆದಿದೆ. ಅದರ ಕತೆ ಶುರುವಾಗುವುದು ಮಂಗಗಳಿಂದ.

1895ರಲ್ಲಿ ಇಂಗ್ಲೆಂಡಿನ ಷೆರಿಂಗ್ಟನ್ ಮತ್ತು ಮಾಟ್ ಎಂಬಿಬ್ಬರು ಮಂಗವೊಂದರ ಒಂದು ಕೈಯಿಂದ ಬೆನ್ನುಹುರಿಗೆ ಸ್ಪರ್ಶದ ಸುದ್ದಿ ಒಯ್ಯುವ ನರಗಳನ್ನು ಕತ್ತರಿಸಿ ನೋಡಿದ್ದರು. ಸ್ನಾಯುವಿಗೆ ಅಪ್ಪಣೆ ತರುವ ನರಗಳನ್ನು ಮುಟ್ಟಿರಲಿಲ್ಲ. ಆದರೂ ಮಂಗ ಆ ಕೈಯನ್ನು ಬಳಸುವುದನ್ನೇ ಬಿಟ್ಟಿತು. ಸ್ಪರ್ಶ ಇಲ್ಲದೆ ಚಲನೆಯೇ ಇಲ್ಲ ಎಂದು ವಿಜ್ಞಾನ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಂಬಿತು. ಅಮೆರಿಕದ ಎಡ್ವರ್ಡ್ ಟೌಬ್ ಎಂಬ ಮನೋವಿಜ್ಞಾನಿಗೆ ಮಾತ್ರ ಅನುಮಾನ. ಅವರು ಮಂಗದ ಒಳ್ಳೆಯ ಕೈಯನ್ನು ಕಟ್ಟಿಹಾಕಿದರು. ಹಸಿವಾದ ಮಂಗ ಸತ್ತಂತಿದ್ದ ಕೈಯನ್ನು ಚಾಚಿ ತಿನಿಸು ಎತ್ತಿಕೊಂಡಿತು!

ಹಾಗಾದರೆ ಇಷ್ಟು ದಿನ ಯಾಕೆ ಬಳಸಲಿಲ್ಲ? ಟೌಬ್ ಕೊಟ್ಟ ವಿವರಣೆ ಸರಳ. ಆಪರೇಷನ್ ಆದ ಮೊದಲ ವಾರಗಳಲ್ಲಿ ಕೈ ನಿಜವಾಗಿಯೂ ಆಡುವುದಿಲ್ಲ. ಆಗ ಮಂಗ ಪ್ರಯತ್ನಿಸುತ್ತದೆ, ಬೀಳುತ್ತದೆ, ತಿನಿಸು ಜಾರುತ್ತದೆ. ಒಳ್ಳೆಯ ಕೈಯಿಂದ ಮಾಡಿದರೆ ಕೆಲಸ ಚಕ್ಕನೆ ಆಗುತ್ತದೆ. ತಿಂಗಳುಗಳು ಕಳೆದು ಸೋತ ಕೈಗೆ ಕಸುವು ಮರಳಿ ಬರುವ ಹೊತ್ತಿಗೆ ಅದನ್ನು ಚಾಚಿ ನೋಡುವ ಮನಸ್ಸೇ ಉಳಿದಿರುವುದಿಲ್ಲ. ಕೈ ಆಗದು ಎಂಬುದನ್ನು ಪ್ರಾಣಿ ಕಲಿತುಬಿಟ್ಟಿರುತ್ತದೆ. ಕಲಿತದ್ದಾದರೆ ಮರೆಸಬಹುದಲ್ಲ ಎಂಬುದು ಅವರ ತರ್ಕ. ಲಕ್ವ ಹೊಡೆದ ಮನುಷ್ಯರಲ್ಲೂ ಹೀಗೇ ಆಗಿರಬಹುದೆಂದು 1980ರಲ್ಲೇ ಅವರು ಬರೆದರು.

ಬರೆದ ಮರುವರ್ಷವೇ ಅವರ ಬದುಕು ಬುಡಮೇಲಾಯಿತು. ಮೇರಿಲ್ಯಾಂಡ್ ರಾಜ್ಯದ ಸಿಲ್ವರ್ ಸ್ಪ್ರಿಂಗ್‌ನಲ್ಲಿದ್ದ ಅವರ ಪ್ರಯೋಗಾಲಯಕ್ಕೆ ಸ್ವಯಂಸೇವಕನ ವೇಷದಲ್ಲಿ ಬಂದ ಅಲೆಕ್ಸ್ ಪಚೆಕೊ ಎಂಬ ತರುಣ, ಆಗಷ್ಟೇ ಹುಟ್ಟಿದ್ದ ಪೆಟಾ ಎಂಬ ಪ್ರಾಣಿಹಕ್ಕು ಸಂಘಟನೆಯ ಸ್ಥಾಪಕರಲ್ಲೊಬ್ಬ. ಬೋನುಗಳ ಸ್ಥಿತಿಯ ಫೋಟೊ ತೆಗೆದ. 1981ರ ಸೆಪ್ಟೆಂಬರ್‌ನಲ್ಲಿ ಪೊಲೀಸರು ದಾಳಿ ಮಾಡಿ 17 ಮಂಗಗಳನ್ನು ಎತ್ತಿಕೊಂಡು ಹೋದರು. ಪ್ರಾಣಿಹಿಂಸೆಯ ಮೊಕದ್ದಮೆ, ಅನುದಾನಕ್ಕೆ ಕತ್ತರಿ, ಪತ್ರಿಕೆಗಳಲ್ಲಿ ಮಾನಹಾನಿ. ಕೆಳಗಿನ ಕೋರ್ಟು ಕೆಲವು ಆರೋಪಗಳಲ್ಲಿ ಅವರನ್ನು ತಪ್ಪಿತಸ್ಥ ಎಂದಿತು. 1983ರಲ್ಲಿ ಮೇರಿಲ್ಯಾಂಡಿನ ಮೇಲಿನ ನ್ಯಾಯಾಲಯ ಉಳಿದಿದ್ದ ಶಿಕ್ಷೆಯನ್ನೂ ರದ್ದುಮಾಡಿತು. ಅಮೆರಿಕದಲ್ಲಿ ಪ್ರಯೋಗಾಲಯದ ಪ್ರಾಣಿಗಳ ಕಾನೂನು 1985ರಲ್ಲಿ ಬಿಗಿಯಾಗುವುದಕ್ಕೆ ಈ ಪ್ರಕರಣವೂ ಒಂದು ಕಾರಣ. ಆ ಬೋನುಗಳ ಫೋಟೊ ನೋಡಿದರೆ ಇವತ್ತಿಗೂ ಹೊಟ್ಟೆ ತೊಳಸುತ್ತದೆ. ಅದೇ ಮಂಗಗಳಿಂದ ಎದ್ದು ಬಂದವರು ಸಾವಿರಾರು ರೋಗಿಗಳು. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವವರ ಬಗ್ಗೆ ನನಗೆ ಅಷ್ಟು ವಿಶ್ವಾಸವಿಲ್ಲ.

ಆ ಮಂಗಗಳು ಇನ್ನೊಂದು ಸಂಗತಿಯನ್ನೂ ತಿಳಿಸಿದವು. ನರ ಕತ್ತರಿಸಿ ಹನ್ನೆರಡು ವರ್ಷಗಳಾದ ಮೇಲೆ ಅವುಗಳ ಮೆದುಳನ್ನು ಪರೀಕ್ಷಿಸಿದಾಗ, ಕೈಗೆ ಸೇರಿದ್ದ ಜಾಗ ಮುಖವನ್ನು ಮುಟ್ಟಿದರೆ ಮಿಡಿಯುತ್ತಿತ್ತು. ಬೀಳುಬಿಟ್ಟ ಹೊಲಕ್ಕೆ ಪಕ್ಕದವರ ಬದು ಸರಿದು ಬಂದಂತೆ, ಮುಖದ ಪ್ರದೇಶ ಕೈಯ ಪ್ರದೇಶವನ್ನು ಸೆಂಟಿಮೀಟರಿಗೂ ಮಿಕ್ಕಿ ಒತ್ತುವರಿ ಮಾಡಿಕೊಂಡಿತ್ತು. ಟಿಮ್ ಪಾನ್ಸ್ ಮತ್ತು ಸಂಗಡಿಗರು 1991ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಬೆಳೆದ ಪ್ರಾಣಿಯ ಮೆದುಳು ಗಟ್ಟಿಯಾಗಿ ನಿಂತುಬಿಟ್ಟಿರುತ್ತದೆ ಎಂಬ ನಂಬಿಕೆಗೆ ಅದು ದೊಡ್ಡ ಪೆಟ್ಟು. 1996ರಲ್ಲಿ ರ‍್ಯಾಂಡಲ್ಫ್ ನ್ಯೂಡೋ ಇನ್ನೊಂದು ಹೆಜ್ಜೆ ಮುಂದೆ ಹೋದರು. ಸಣ್ಣ ಪಾರ್ಶ್ವವಾಯು ಮಾಡಿಸಿದ ಮಂಗಗಳಿಗೆ ಬೆರಳಿನ ಕೆಲಸದ ತರಬೇತಿ ಕೊಟ್ಟರೆ, ಉಳಿದ ಮೆದುಳಿನಲ್ಲಿ ಕೈಯ ಜಾಗ ಕುಗ್ಗಲಿಲ್ಲ, ಕೆಲವೆಡೆ ಹಿಗ್ಗಿತು ಕೂಡ. ತರಬೇತಿಯಿಲ್ಲದ ಮಂಗಗಳಲ್ಲಿ ಅದು ಕರಗುತ್ತ ಹೋಗಿತ್ತು.

ಟೌಬ್ 1986ರಲ್ಲಿ ಅಲಬಾಮಾ ವಿಶ್ವವಿದ್ಯಾಲಯದ ಬರ್ಮಿಂಗ್‌ಹ್ಯಾಮ್ ಶಾಖೆ ಸೇರಿ ಈಗ ಮನುಷ್ಯರ ಮೇಲೆ ಕೆಲಸ ಶುರುಮಾಡಿದರು. 1993ರಲ್ಲಿ ಪ್ರಕಟವಾದ ಮೊದಲ ಪ್ರಯೋಗದಲ್ಲಿ ಚಿಕಿತ್ಸೆ ಪಡೆದವರು ನಾಲ್ಕೇ ಜನ, ಲಕ್ವ ಹೊಡೆದು ವರ್ಷಗಳೇ ಕಳೆದವರು. ವಿಧಾನ ಹೀಗಿತ್ತು: ಎಚ್ಚರವಿರುವ ಹೊತ್ತಿನ ಶೇ 90ರಷ್ಟು ಒಳ್ಳೆಯ ಕೈ ಕಟ್ಟಿರಬೇಕು. ಈಗ ಕಟ್ಟುವ ಬದಲು ದಪ್ಪ ಕೈಗವಸು ಹಾಕುತ್ತಾರೆ. ಎರಡು ವಾರ ಹೀಗೆ. ಅದರಲ್ಲಿ ಹತ್ತು ದಿನ, ದಿನಕ್ಕೆ ಆರು ತಾಸು, ಸೋತ ಕೈಗೆ ಪಾಠ. ಪಾಠವೆಂದರೆ ದೊಡ್ಡ ಕಾಳಿನಿಂದ ಸಣ್ಣ ಕಾಳಿಗೆ, ಹತ್ತಿರದಿಂದ ದೂರಕ್ಕೆ, ನಿಧಾನದಿಂದ ಬೇಗಕ್ಕೆ, ಇಷ್ಟಿಷ್ಟೇ ಕಷ್ಟ ಹೆಚ್ಚಿಸುತ್ತ ಹೋಗುವುದು. ಆದದ್ದನ್ನು ಹೊಗಳಬೇಕು, ಆಗದ್ದನ್ನು ಎತ್ತಿ ಆಡಬಾರದು.

ಕೈ ಕಟ್ಟುವುದೇ ಚಿಕಿತ್ಸೆ ಎಂದು ಹೊರಗಿನವರು ತಿಳಿದರು, ನಮ್ಮಲ್ಲಿ ಕೆಲವರು ಇಂದಿಗೂ ಹಾಗೇ ಮಾಡಿಸುತ್ತಾರೆ. ಆದರೆ ಟೌಬ್ ಒತ್ತಿ ಹೇಳುತ್ತಿದ್ದುದು ಇನ್ನೊಂದು ಭಾಗವನ್ನು. ಆಸ್ಪತ್ರೆಯ ಮೇಜಿನ ಮೇಲೆ ಕಲಿತದ್ದನ್ನು ಮನೆಗೆ ಸಾಗಿಸುವ ಕೆಲಸ ಅದು. ರೋಗಿ ಒಂದು ಕರಾರಿಗೆ ಸಹಿ ಹಾಕಬೇಕು: ಯಾವ ಯಾವ ಕೆಲಸಕ್ಕೆ ಸೋತ ಕೈ ಬಳಸುತ್ತೇನೆ, ಯಾವಾಗ ಕೈಗವಸು ತೆಗೆಯುತ್ತೇನೆ ಎಂದು. ಮನೆಯವರೂ ಸಹಿ ಹಾಕಬೇಕು: ಎಲ್ಲಿ ಕೈಹಾಕುತ್ತೇನೆ, ಎಲ್ಲಿ ಕೈಕಟ್ಟಿ ನಿಲ್ಲುತ್ತೇನೆ ಎಂದು. ದಿನಚರಿ ಬರೆಯಬೇಕು. ಪ್ರತಿದಿನ ಕೇಳುವ ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಈ ಗೃಹಪಾಠವನ್ನು ಬಿಟ್ಟು ಬರೀ ವ್ಯಾಯಾಮ ಮಾಡಿಸಿದರೆ ಫಲ ಬಹಳ ಕಡಿಮೆ ಎಂಬುದು ಅವರ ಗುಂಪಿನ ಮುಂದಿನ ಪ್ರಯೋಗಗಳಲ್ಲಿ ಕಂಡುಬಂತು. ಹುಬ್ಬಳ್ಳಿಯ ಆ ಹುಡುಗಿ ಯಾವ ಕಾಗದವೂ ಇಲ್ಲದೆ ಕಾಕುವಿನಿಂದ ಬರೆಸಿಕೊಳ್ಳಲು ಹೊರಟಿದ್ದ ಕರಾರು ಇದೇ.

ದೊಡ್ಡ ಪರೀಕ್ಷೆ 2006ರಲ್ಲಿ ಬಂತು. ಎಕ್ಸೈಟ್ ಎಂಬ ಹೆಸರಿನ ಆ ಅಧ್ಯಯನವನ್ನು ಎಮರಿ ವಿಶ್ವವಿದ್ಯಾಲಯದ ಸ್ಟೀವನ್ ವೂಲ್ಫ್ ಮುನ್ನಡೆಸಿದರು. ಅಮೆರಿಕದ ಏಳು ಕೇಂದ್ರಗಳಲ್ಲಿ, ಲಕ್ವ ಹೊಡೆದು ಮೂರರಿಂದ ಒಂಬತ್ತು ತಿಂಗಳಾಗಿದ್ದ 222 ಜನರನ್ನು ಎರಡು ಪಂಗಡ ಮಾಡಿದರು. ಎರಡೇ ವಾರದ ಈ ಚಿಕಿತ್ಸೆ ಪಡೆದವರ ಕೈ, ವಾಡಿಕೆಯ ಆರೈಕೆ ಪಡೆದವರ ಕೈಗಿಂತ ಒಂದು ವರ್ಷದ ನಂತರವೂ ಮುಂದಿತ್ತು. ಹೆಚ್ಚು ಜನ ಇಲ್ಲಿಗೇ ನಿಲ್ಲಿಸಿ ಚಪ್ಪಾಳೆ ತಟ್ಟುತ್ತಾರೆ. ಆದರೆ ಪ್ರವೇಶಕ್ಕೊಂದು ಷರತ್ತಿತ್ತು: ಮಣಿಕಟ್ಟನ್ನು ಕನಿಷ್ಠ 10 ಡಿಗ್ರಿಯಷ್ಟು ಮೇಲಕ್ಕೆ ಎತ್ತಲು ಬರಬೇಕು, ಹೆಬ್ಬೆರಳೂ ಇನ್ನೆರಡು ಬೆರಳೂ ಇಷ್ಟಾದರೂ ಬಿಚ್ಚಬೇಕು. ಒಂದಿಷ್ಟೂ ಅಲುಗದ ಕೈಗೆ ಈ ಬಾಗಿಲು ತೆರೆದಿರಲಿಲ್ಲ.

ಈ ಷರತ್ತಿನಲ್ಲಿ ‘ಬಿಚ್ಚಬೇಕು’ ಎಂಬುದನ್ನು ಗಮನಿಸಿ. ಲಕ್ವ ಹೊಡೆದವರನ್ನು ನೋಡಲು ಹೋಗುವವರು ಈಗೀಗ ಹಣ್ಣಿನ ಜೊತೆ ಒಂದು ಹಳದಿ ಸ್ಪಂಜಿನ ಚೆಂಡನ್ನೂ ಒಯ್ಯುತ್ತಾರೆ. ‘ಹಿಚುಕ್ತಾ ಇರಿ, ಶಕ್ತಿ ಬರುತ್ತೆ.’ ರೋಗಿ ಟೀವಿ ನೋಡುತ್ತ ಹಿಚುಕುತ್ತಲೇ ಇರುತ್ತಾರೆ. ಸೋತ ಕೈಗೆ ಹಿಡಿಯುವುದು ಬೇಗ ಬರುತ್ತದೆ, ಬಿಡುವುದು ಬರುವುದಿಲ್ಲ. ಲೋಟದ ಎದುರು ಮುಷ್ಟಿಯಾಗಿ ನಿಂತ ಆ ಬೆರಳುಗಳಿಗೆ ಬೇಕಾದ ಪಾಠ ಬಿಚ್ಚುವುದು. ಅನೇಕ ಥೆರಪಿಸ್ಟರು ಆ ಚೆಂಡನ್ನು ಕಂಡರೆ ಮುಖ ಸಿಂಡರಿಸುವುದು ಅದಕ್ಕೇ.

ಬೆರಳು ಬಿಚ್ಚುವುದಕ್ಕೆ ಭವಿಷ್ಯ ಹೇಳುವ ಗುಣವೂ ಇದೆ. ನೆದರ್ಲೆಂಡ್ಸ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಲಕ್ವ ಹೊಡೆದ 72 ತಾಸಿನೊಳಗೆ ಬೆರಳನ್ನು ಸ್ವಲ್ಪವಾದರೂ ಬಿಚ್ಚಿ, ತೋಳನ್ನು ಸ್ವಲ್ಪವಾದರೂ ಪಕ್ಕಕ್ಕೆ ಎತ್ತಬಲ್ಲವರಿಗೆ ಆರು ತಿಂಗಳಲ್ಲಿ ಕೈಚಳಕ ಒಂದಿಷ್ಟು ಮರಳುವ ಸಂಭವ ಶೇ 98 ಎಂದು ಕಂಡಿತು. ಎರಡೂ ಆಗದವರಲ್ಲಿ ಶೇ 25. ಹಾಸಿಗೆ ಪಕ್ಕದಲ್ಲಿ ನಿಂತು ಎರಡು ನಿಮಿಷದಲ್ಲಿ ಮಾಡಬಹುದಾದ ಈ ಪರೀಕ್ಷೆಯ ಫಲವನ್ನು ಮನೆಯವರಿಗೆ ಬಿಡಿಸಿ ಹೇಳುವ ವ್ಯವಧಾನ ನಮ್ಮ ವಾರ್ಡುಗಳಲ್ಲಿ ಕಡಿಮೆ. ‘ನೋಡೋಣ, ದೇವರಿದ್ದಾನೆ’ ಎಂದು ಡಿಸ್ಚಾರ್ಜ್ ಸಮ್ಮರಿ ಕೈಗಿಡುತ್ತಾರೆ.

ಅಲುಗದ ಕೈಗೆ ಏನಿದೆ? ಕನ್ನಡಿ ಇದೆ. ಚೆನ್ನೈಯಲ್ಲಿ ವೈದ್ಯ ಪದವಿ ಪಡೆದು ಕ್ಯಾಲಿಫೋರ್ನಿಯಾಕ್ಕೆ ಹೋದ ವಿ.ಎಸ್. ರಾಮಚಂದ್ರನ್, ಕೈ ಕಡಿದುಹೋದ ಮೇಲೂ ಇಲ್ಲದ ಕೈ ನೋಯುತ್ತದೆ ಎನ್ನುವವರಿಗಾಗಿ 1990ರ ದಶಕದಲ್ಲಿ ಒಂದು ಕನ್ನಡಿ ಪೆಟ್ಟಿಗೆ ಮಾಡಿದ್ದರು. ಅದನ್ನೇ ಲಕ್ವಕ್ಕೂ ಹಚ್ಚಿ ನೋಡಿದ ಒಂಬತ್ತು ರೋಗಿಗಳ ಸಣ್ಣ ವರದಿ 1999ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಮೇಜಿನ ಮಧ್ಯೆ ಕನ್ನಡಿ ನಿಲ್ಲಿಸಿ, ಸೋತ ಕೈಯನ್ನು ಅದರ ಹಿಂದೆ ಇಟ್ಟು, ಒಳ್ಳೆಯ ಕೈಯನ್ನು ಮುಂದೆ ಆಡಿಸುತ್ತ ಬಿಂಬವನ್ನೇ ನೋಡಬೇಕು. ಎರಡೂ ಕೈ ಆಡುತ್ತಿವೆ ಎಂದು ಕಣ್ಣು ಮೆದುಳಿಗೆ ಹೇಳುತ್ತದೆ. ಹಿಂದಿರುವ ಕೈಯನ್ನೂ ಜೊತೆಜೊತೆಗೆ ಆಡಿಸಲು ಯತ್ನಿಸಬೇಕು. 2018ರಲ್ಲಿ ಕಾಕ್ರೇನ್ ಸಂಸ್ಥೆ 62 ಅಧ್ಯಯನಗಳ, 1982 ರೋಗಿಗಳ ಲೆಕ್ಕ ಒಟ್ಟುಹಾಕಿ, ಇದರಿಂದ ಕೈಯ ಚಲನೆ ಸುಧಾರಿಸುತ್ತದೆ ಎಂಬುದಕ್ಕೆ ಸಾಧಾರಣ ಮಟ್ಟದ ಭರವಸೆಯ ಆಧಾರವಿದೆ ಎಂದಿತು. ಪವಾಡವಲ್ಲ. ಆದರೆ ಗಾಜಿನ ಅಂಗಡಿಯಲ್ಲಿ ಅಂಚು ಉಜ್ಜಿಸಿಕೊಂಡು ತಂದ ಒಂದು ಕನ್ನಡಿಗೆ ಎಷ್ಟು ಖರ್ಚು?

‘ಕರೆಂಟ್ ಇಡಿಸ್ಕೊಂಡ್ ಬಂದ್ವಿ’ ಎನ್ನುವ ಮಾತು ಪ್ರತಿ ಊರಲ್ಲೂ ಕೇಳುತ್ತದೆ. ಮುಂಗೈಯ ಮೇಲೆ ಪ್ಯಾಡ್ ಅಂಟಿಸಿ ಸಣ್ಣ ವಿದ್ಯುತ್ ಹರಿಸುತ್ತಾರೆ, ಮಣಿಕಟ್ಟು ತಾನಾಗಿ ಎದ್ದೇಳುತ್ತದೆ. ರೋಗಿ ತಾನೂ ಎತ್ತಲು ಯತ್ನಿಸುವ ಗಳಿಗೆಗೆ ಸರಿಯಾಗಿ ಕರೆಂಟ್ ಬಂದರೆ ಪ್ರಯೋಜನ. ಮಲಗಿ ಮೊಬೈಲ್ ನೋಡುತ್ತ ಇಪ್ಪತ್ತು ನಿಮಿಷ ಇಡಿಸಿಕೊಂಡರೆ ಬರುವುದು ಬಿಲ್ಲು. ಎಣ್ಣೆ ತಿಕ್ಕಿಸುವುದೂ ಹಾಗೇ. ಕೀಲು ಸಡಿಲವಾಗಬಹುದು, ಮನಸ್ಸಿಗೆ ಹಿತವಾಗಬಹುದು, ಆದರೆ ದುಡಿದದ್ದು ತಿಕ್ಕುವವರ ಕೈ.

ಭುಜದ ಬಗ್ಗೆ ಮಾತ್ರ ಒಂದು ಎಚ್ಚರಿಕೆ ಹೇಳಲೇಬೇಕು. ಲಕ್ವದ ಮೊದಲ ವಾರಗಳಲ್ಲಿ ತೋಳಿನ ಸ್ನಾಯು ಸಡಿಲಾಗಿ, ಕೈಯ ಭಾರಕ್ಕೆ ಭುಜದ ಕೀಲು ಕೆಳಗೆ ಜಾರಬಹುದು. ಆಗ ರೋಗಿಯನ್ನು ಕಂಕುಳಿಗೆ ಕೈಹಾಕಿ ಎಬ್ಬಿಸುವುದು, ಸೋತ ಕೈ ಹಿಡಿದು ಎಳೆಯುವುದು ನಮ್ಮ ಮನೆಗಳಲ್ಲಿ ದಿನಾ ನಡೆಯುವ ಅನಾಹುತ. ಬಾಗಿಲ ಮೇಲೆ ರಾಟೆ ಕಟ್ಟಿ ಹಗ್ಗದಿಂದ ಕೈಯನ್ನು ಮೇಲಕ್ಕೆಳೆಯುವ ವ್ಯಾಯಾಮವೂ ಭುಜದ ನೋವು ತರಿಸುತ್ತದೆಂದು ಹಲವು ಮಾರ್ಗಸೂಚಿಗಳು ಬೇಡವೆನ್ನುತ್ತವೆ. ಭುಜ ನೋಯುತ್ತಿದ್ದರೆ ಕೈಯ ತರಬೇತಿ ಮುಂದೆ ಸಾಗುವುದು ಕಷ್ಟ. ಕೂತಾಗ ಕೈ ಕೆಳಗೆ ತೂಗಾಡಲು ಬಿಡದೆ ದಿಂಬಿನ ಮೇಲಿಡುವುದು ಔಷಧಿಯಷ್ಟೇ ಮುಖ್ಯ.

ಇಷ್ಟು ಓದಿದವರಿಗೆ ಅನ್ನಿಸಬಹುದು, ಹಾಗಾದರೆ ಮೊದಲ ದಿನದಿಂದಲೇ ಜಗ್ಗಾಡಿಸಿದರಾಯಿತಲ್ಲ ಎಂದು. ಆಗುವುದಿಲ್ಲ. ಲಕ್ವ ಹೊಡೆದ ಹತ್ತು ದಿನದ ಹೊತ್ತಿಗೆ 52 ರೋಗಿಗಳಲ್ಲಿ ಕೈ ಕಟ್ಟುವ ಚಿಕಿತ್ಸೆಯನ್ನು ಪರೀಕ್ಷಿಸಿದ ಅಮೆರಿಕದ ಒಂದು ಅಧ್ಯಯನದಲ್ಲಿ (2009), ಅತಿ ಹೆಚ್ಚು ತರಬೇತಿ ಪಡೆದ ಪಂಗಡವೇ ಮೂರು ತಿಂಗಳಲ್ಲಿ ಹಿಂದೆ ಬಿತ್ತು. ಅದೇ ಗುಂಪಿನ ಅಲೆಕ್ಸಾಂಡರ್ ಡ್ರೊಮೆರಿಕ್ ಮುಂದೆ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 72 ರೋಗಿಗಳಿಗೆ ವಾಡಿಕೆಯ ಚಿಕಿತ್ಸೆಯ ಮೇಲೆ 20 ತಾಸು ಹೆಚ್ಚುವರಿ ಕೈ ತರಬೇತಿಯನ್ನು ಬೇರೆ ಬೇರೆ ಕಾಲದಲ್ಲಿ ಕೊಟ್ಟರು. ಎರಡು-ಮೂರು ತಿಂಗಳಾದಾಗ ಕೊಟ್ಟದ್ದು ಎಲ್ಲಕ್ಕಿಂತ ಚೆನ್ನಾಗಿ ಹತ್ತಿತು. ಆರು ತಿಂಗಳ ನಂತರ ಕೊಟ್ಟದ್ದರಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ.

ನಮ್ಮಲ್ಲಿ ಆ ಎರಡು-ಮೂರು ತಿಂಗಳು ಹೇಗೆ ಹೋಗುತ್ತವೆ ನೋಡಿ. ಆಸ್ಪತ್ರೆಯಿಂದ ಬಂದು ಆಗಷ್ಟೇ ಸುಧಾರಿಸಿಕೊಂಡಿರುತ್ತಾರೆ. ಮೊದಮೊದಲು ಬರುತ್ತಿದ್ದ ಫಿಸಿಯೋ ಬರುವುದು ನಿಂತಿರುತ್ತದೆ, ಅಥವಾ ದುಡ್ಡು ಮುಗಿದು ಇವರೇ ನಿಲ್ಲಿಸಿರುತ್ತಾರೆ. ಯಾರೋ ಹೇಳಿದರೆಂದು ಬೇರು-ನಾರಿನ ಔಷಧಿಗೆ ಕಾರು ಮಾಡಿಕೊಂಡು ದೂರದ ಊರಿಗೆ ಹೋಗಿಬರುತ್ತಾರೆ. ಪಥ್ಯ ನಡೆಯುತ್ತದೆ, ಕೈ ಮಡಿಲಲ್ಲಿ ಬಿದ್ದಿರುತ್ತದೆ.

ಆರು ತಿಂಗಳಾದ ಮೇಲೆ ಬಾಗಿಲು ಮುಚ್ಚಿತು ಎಂಬುದೂ ಪೂರ್ತಿ ಸರಿಯಲ್ಲ. ಲಂಡನ್ನಿನ ಕ್ವೀನ್ ಸ್ಕ್ವೇರ್ ನರರೋಗ ಆಸ್ಪತ್ರೆಯಲ್ಲಿ ನಿಕ್ ವಾರ್ಡ್ ಎಂಬ ವೈದ್ಯರ ತಂಡ ಮೂರು ವಾರದಲ್ಲಿ 90 ತಾಸು ಕೈಗೆ ತರಬೇತಿ ಕೊಡುತ್ತದೆ. 2019ರಲ್ಲಿ ಅವರು 224 ರೋಗಿಗಳ ಫಲಿತಾಂಶ ಪ್ರಕಟಿಸಿದರು. ಅರ್ಧದಷ್ಟು ಜನರಿಗೆ ಲಕ್ವ ಹೊಡೆದು ಒಂದೂವರೆ ವರ್ಷ ದಾಟಿತ್ತು. ಕೈಯ ಚಲನೆಗೆ 66 ಅಂಕಗಳ ಫ್ಯೂಗಲ್-ಮೇಯರ್ ಎಂಬ ಅಳತೆಪಟ್ಟಿಯಿದೆ. ಅದರ ಸ್ವಲ್ಪ ಕಿರಿದುಮಾಡಿದ ರೂಪದಲ್ಲಿ ಆರು ತಿಂಗಳ ನಂತರ ನಡುಮಟ್ಟದ ಏರಿಕೆ 9 ಅಂಕ. ಹೋಲಿಸಿ ನೋಡಲು ಇನ್ನೊಂದು ಪಂಗಡ ಇರಲಿಲ್ಲ ಎಂಬುದು ಈ ಅಧ್ಯಯನದ ಕೊರತೆ. ಆದರೂ ಡ್ರೊಮೆರಿಕ್ ಕೊಟ್ಟದ್ದು 20 ತಾಸು, ವಾರ್ಡ್ ಕೊಟ್ಟದ್ದು 90. ಈ ಅಂತರವನ್ನು ತಳ್ಳಿಹಾಕುವುದು ಕಷ್ಟ.

ತಾಸಿನ ಲೆಕ್ಕ ಬಂದದ್ದರಿಂದ ಇದನ್ನೂ ಹೇಳುತ್ತೇನೆ. ಕ್ಯಾಥರೀನ್ ಲ್ಯಾಂಗ್ ಎಂಬ ಸಂಶೋಧಕಿ ಅಮೆರಿಕ, ಕೆನಡಾದ ಏಳು ಕಡೆ ಥೆರಪಿ ಕೋಣೆಗಳಲ್ಲಿ ಕೂತು, ಒಂದು ಸರದಿಯಲ್ಲಿ ರೋಗಿಯ ಕೈ ನಿಜವಾಗಿ ಎಷ್ಟು ಬಾರಿ ಉಪಯುಕ್ತ ಕೆಲಸ ಮಾಡಿತು ಎಂದು ಎಣಿಸಿದರು. 2009ರಲ್ಲಿ ಪ್ರಕಟವಾದ ಉತ್ತರ: ಸರಾಸರಿ 32. ಪ್ರಯೋಗಾಲಯದ ಪ್ರಾಣಿಗಳ ಮೆದುಳಿನಲ್ಲಿ ಬದಲಾವಣೆ ಕಂಡದ್ದು ದಿನಕ್ಕೆ ನೂರಾರು ಬಾರಿ ಮಾಡಿಸಿದಾಗ. ಎಲ್ಲ ಸೌಕರ್ಯವಿರುವ ದೇಶಗಳಲ್ಲೇ ಈ ಗತಿ. ಆದರೆ ಎಣಿಕೆ ಹೆಚ್ಚಿಸಿದಷ್ಟೂ ಫಲ ಹೆಚ್ಚುತ್ತದೆ ಎಂಬ ಸರಳ ಗಣಿತವನ್ನು ಲ್ಯಾಂಗ್ ಅವರೇ ಮುಂದೆ ಮುರಿದರು. ಹಳೆಯ ರೋಗಿಗಳಿಂದ ಮೂರು ಸಾವಿರಕ್ಕೂ ಹೆಚ್ಚು, ಆರು ಸಾವಿರಕ್ಕೂ ಹೆಚ್ಚು, ಒಂಬತ್ತು ಸಾವಿರಕ್ಕೂ ಹೆಚ್ಚು ಬಾರಿ ಕೆಲಸ ಮಾಡಿಸಿ 2016ರಲ್ಲಿ ಹೋಲಿಸಿದಾಗ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ತಾವೇ ಕಟ್ಟಿದ ಊಹೆಯನ್ನು ತಾವೇ ಬೀಳಿಸಿ ಪ್ರಕಟಿಸಿದ ಆಕೆಯ ಬಗ್ಗೆ ನನಗೆ ಗೌರವ.

ಯಂತ್ರಗಳ ಕತೆಯೂ ಇಂಥದ್ದೇ. ಎಂಐಟಿಯ ನೆವಿಲ್ ಹೋಗನ್, ಇಗೊ ಕ್ರೆಬ್ಸ್ 1990ರ ಹೊತ್ತಿನಲ್ಲಿ ಕೈಯನ್ನು ಹಿಡಿದು ನಡೆಸುವ ಮ್ಯಾನಸ್ ಎಂಬ ರೋಬಾಟ್ ಮಾಡಿದರು. 2019ರಲ್ಲಿ ಬ್ರಿಟನ್ನಿನ 770 ರೋಗಿಗಳ ದೊಡ್ಡ ಪರೀಕ್ಷೆಯಲ್ಲಿ, ವಾರಕ್ಕೆ ಮೂರು ದಿನದಂತೆ ಹನ್ನೆರಡು ವಾರ ರೋಬಾಟಿನ ತರಬೇತಿ ಪಡೆದವರ ಕೈಯ ಬಳಕೆ ವಾಡಿಕೆಯ ಆರೈಕೆ ಪಡೆದವರಿಗಿಂತ ಉತ್ತಮವಾಗಲಿಲ್ಲ. ಹಾಗೆಂದು ಯಂತ್ರ ವ್ಯರ್ಥವಲ್ಲ. ದುಬಾರಿ ಯಂತ್ರದ ಜಾಹೀರಾತು ನೋಡಿ ಮನೆ ಒತ್ತೆ ಇಡಬೇಡಿ ಎಂದಷ್ಟೇ ಅರ್ಥ. ವೆಲ್ಲೂರಿನ ಸಿಎಂಸಿ ಮತ್ತು ಐಐಟಿ ಮದ್ರಾಸ್ ಸೇರಿ ಮಾಡಿದ ಪ್ಲೂಟೊ ಎಂಬ ಪುಟ್ಟ ಯಂತ್ರದ ಹಿಂದಿನ ಯೋಚನೆ ನನಗೆ ಹಿಡಿಸುತ್ತದೆ: ಹಿಡಿಕೆ ಬದಲಾಯಿಸುತ್ತ, ಪರದೆಯ ಮೇಲೆ ಆಟವಾಡುತ್ತ ರೋಗಿ ಮಣಿಕಟ್ಟು, ಬೆರಳು ದುಡಿಸಬಹುದು. ಥೆರಪಿಸ್ಟ್ ಇಲ್ಲದ ಹೊತ್ತಿಗೆ ಜೊತೆಗಾರ.

ಮಾತ್ರೆ ಪ್ರಯತ್ನವೂ ಆಯಿತು. ಖಿನ್ನತೆಗೆ ಕೊಡುವ ಫ್ಲುಆಕ್ಸೆಟಿನ್ ಕೈಕಾಲಿನ ಚೇತರಿಕೆಗೂ ನೆರವಾಗುತ್ತದೆ ಎಂದು 2011ರಲ್ಲಿ ಫ್ರಾನ್ಸಿನ 118 ರೋಗಿಗಳ ಅಧ್ಯಯನ ಆಸೆ ಹುಟ್ಟಿಸಿತು. 2018ರಲ್ಲಿ ಬ್ರಿಟನ್ನಿನ 3127 ರೋಗಿಗಳ ಪರೀಕ್ಷೆಯಲ್ಲಿ ಆ ಆಸೆ ಮುಗಿಯಿತು, ಮೇಲಾಗಿ ಮೂಳೆ ಮುರಿತ ಹೆಚ್ಚಿತ್ತು. ಈಗಿನ ಹೊಸ ಸುದ್ದಿ ಕುತ್ತಿಗೆಯ ವೇಗಸ್ ನರದ್ದು. ಎದೆಯಲ್ಲಿ ಪೇಸ್‌ಮೇಕರ್‌ನಂಥ ಸಾಧನ ಹೂಳಿ, ರೋಗಿ ಕೈ ಆಡಿಸಿದ ಗಳಿಗೆಗೆ ಸರಿಯಾಗಿ ಥೆರಪಿಸ್ಟ್ ಗುಂಡಿ ಒತ್ತಿದರೆ ಅರ್ಧ ಸೆಕೆಂಡ್ ಮಿಡಿತ ನರಕ್ಕೆ ಹೋಗುತ್ತದೆ. ಈಗ ಮಾಡಿದ್ದು ಸರಿ, ಇದನ್ನು ಉಳಿಸಿಕೋ ಎಂದು ಮೆದುಳಿಗೆ ಗುರುತು ಹಾಕುವ ಉಪಾಯ. 108 ರೋಗಿಗಳ ಪರೀಕ್ಷೆಯಲ್ಲಿ ಅದೇ 66 ಅಂಕಗಳ ಪಟ್ಟಿಯಲ್ಲಿ ಇವರ ಏರಿಕೆ 5, ಬರೀ ತರಬೇತಿ ಪಡೆದವರದು 2.4. ಅಮೆರಿಕದ ಔಷಧ ಇಲಾಖೆ 2021ರ ಆಗಸ್ಟಿನಲ್ಲಿ ಒಪ್ಪಿಗೆ ಕೊಟ್ಟಿತು. ಇಲ್ಲೂ ಪ್ರತಿ ಸರದಿಯಲ್ಲಿ ನೂರಾರು ಬಾರಿ ಕೈ ಆಡಿಸುವ ದುಡಿಮೆ ತಪ್ಪಲಿಲ್ಲ ಎಂಬುದನ್ನು ಜಾಹೀರಾತುಗಳು ಸಣ್ಣ ಅಕ್ಷರದಲ್ಲಿ ಹೇಳುತ್ತವೆ.

ಸುತ್ತಿ ಬಳಸಿ ಬಂದರೆ ಪ್ರಶ್ನೆ ಉಳಿಯುವುದು ಒಂದೇ. ಇಷ್ಟು ತಾಸು ಯಾರು ಕೊಡಬೇಕು? ಭಾರತದಲ್ಲಿ ಸಹಜವಾಗಿ ಬಂದ ಉತ್ತರ: ಮನೆಯವರು. ಅದನ್ನೂ ಪರೀಕ್ಷೆಗೆ ಒಡ್ಡಿದರು. ಲೂಧಿಯಾನದ ಜೆಯರಾಜ್ ಪಾಂಡ್ಯನ್, ಆಸ್ಟ್ರೇಲಿಯಾದ ರಿಚರ್ಡ್ ಲಿಂಡ್ಲೆ ಮೊದಲಾದವರ ತಂಡ ದೇಶದ 14 ಆಸ್ಪತ್ರೆಗಳ 1250 ರೋಗಿಗಳಲ್ಲಿ, ಮನೆಯ ಒಬ್ಬರಿಗೆ ಆಸ್ಪತ್ರೆಯಲ್ಲಿ ಕೆಲವು ದಿನ ತರಬೇತಿ ಕೊಟ್ಟು, ಮನೆಗೂ ಕೆಲವು ಬಾರಿ ಹೋಗಿ ನೋಡಿತು. 2017ರ ‘ಲ್ಯಾನ್ಸೆಟ್’ನಲ್ಲಿ ಬಂದ ಫಲಿತಾಂಶ ಮುಖಕ್ಕೆ ಹೊಡೆದಂತಿದೆ: ಆರು ತಿಂಗಳಲ್ಲಿ ತೀರಿಕೊಂಡವರು ಅಥವಾ ಪರಾವಲಂಬಿಗಳಾಗಿ ಉಳಿದವರು ತರಬೇತಿ ಪಡೆದ ಪಂಗಡದಲ್ಲಿ ಶೇ 47, ಪಡೆಯದವರಲ್ಲೂ ಶೇ 47. ಈ ಅಧ್ಯಯನ ಕೈಯೊಂದನ್ನೇ ಅಳೆದದ್ದಲ್ಲ, ಇಡೀ ಬದುಕನ್ನು ಅಳೆದದ್ದು. ಆದರೂ, ತಜ್ಞರ ಕೊರತೆಯನ್ನು ಸೊಸೆ, ಮಗಳು, ಹೆಂಡತಿಯ ತಲೆಗೆ ಕಟ್ಟಿ ಕೈತೊಳೆದುಕೊಳ್ಳಬಹುದು ಎಂದುಕೊಂಡವರಿಗೆ ಇದರಲ್ಲಿ ಉತ್ತರವಿದೆ. ಮನೆಯವರು ಬೇಕು. ಅವರ ಬೆನ್ನಿಗೆ ತಿಂಗಳುಗಟ್ಟಲೆ ನಿಂತು, ಇವತ್ತು ಸುಲಭವಾದದ್ದನ್ನು ನಾಳೆ ಕಷ್ಟ ಮಾಡಿಕೊಡುವ ಥೆರಪಿಸ್ಟೂ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರ ಪುನಶ್ಚೇತನಕ್ಕೇ ಪ್ರತ್ಯೇಕ ವಿಭಾಗವಿದೆ. ಕೊಪ್ಪಳದ ರೈತನಿಗೆ ಅದು ರಾತ್ರಿ ಬಸ್ಸಿನ ದಾರಿ, ಜೊತೆಗೆ ಹೋಗುವವರ ಕೂಲಿಯೂ ಹೋಯಿತು. ಕೈಯ ಬಳಕೆಯನ್ನೇ ಕಲಿಸುವ ಆಕ್ಯುಪೇಶನಲ್ ಥೆರಪಿಸ್ಟ್ ಎಂಬ ಹುದ್ದೆಯ ಹೆಸರನ್ನೇ ಕೇಳದ ತಾಲ್ಲೂಕುಗಳಿವೆ. ತಾಲ್ಲೂಕಿಗೊಬ್ಬರಂತೆ ಅವರನ್ನು ನೇಮಿಸಲು ರೋಬಾಟಿಗಾಗುವಷ್ಟು ದುಡ್ಡು ಬೇಡ.

ಅಲ್ಲಿಯತನಕ ಟೌಬ್ ಅವರ ಗೃಹಪಾಠದಲ್ಲಿ ನಾವು ಎತ್ತಿಕೊಳ್ಳಬಹುದಾದ ಒಂದು ಭಾಗವಿದೆ. ಅದಕ್ಕೆ ನೋಟ್‌ಬುಕ್ ಸಾಕು. ಅವರ ಪಟ್ಟಿಯಲ್ಲಿ 30 ಕೆಲಸಗಳಿವೆ: ಲೈಟಿನ ಸ್ವಿಚ್ ಹಾಕಿದಿರಾ, ಫ್ರಿಜ್ ಬಾಗಿಲು ತೆಗೆದಿರಾ, ಕಾಲುಚೀಲ ಹಾಕಿಕೊಂಡಿರಾ, ಸ್ಯಾಂಡ್‌ವಿಚ್ ತಿಂದಿರಾ ಎಂದು. ಪ್ರತಿಯೊಂದಕ್ಕೂ ಸೊನ್ನೆಯಿಂದ ಐದರವರೆಗೆ ಅಂಕ. ಕೈಯನ್ನು ಬಳಸಲೇ ಇಲ್ಲವಾದರೆ ಸೊನ್ನೆ, ಮುಂಚಿನಂತೆ ಬಳಸಿದರೆ ಐದು. ಸ್ಯಾಂಡ್‌ವಿಚ್ ಜಾಗದಲ್ಲಿ ರೊಟ್ಟಿ ಮುರಿಯುವುದನ್ನು ಹಾಕಿಕೊಳ್ಳಿ. ಚಿಲಕ ತೆಗೆಯುವುದು, ಚೊಂಬು ಎತ್ತುವುದು, ಪಂಚೆಯ ತುದಿ ಹಿಡಿದುಕೊಳ್ಳುವುದು, ಬಟಾಣಿ ಬಿಡಿಸುವುದು, ಅಕ್ಕಿಯಲ್ಲಿ ಕಲ್ಲು ಆರಿಸುವುದು, ದೇವರ ಮುಂದೆ ಹೂವಿಡುವುದು, ಬಸ್ಸಿನ ಚಿಲ್ಲರೆ ಎಣಿಸುವುದು. ಎರಡೂ ಕೈ ಬೇಕಾದ ಕೆಲಸದಲ್ಲಿ ಸೋತ ಕೈ ಹಿಡಿದುಕೊಳ್ಳುವ ಕೆಲಸವನ್ನಾದರೂ ಮಾಡಲಿ. ಬಿಸಿ ಪಾತ್ರೆ, ಚಾಕು, ಮೆಟ್ಟಿಲಿನ ಕಂಬಿ ಇವು ಕರಾರಿನಿಂದ ಹೊರಗೆ, ಅಲ್ಲಿ ಒಳ್ಳೆಯ ಕೈಯೇ ಇರಲಿ. ರಾತ್ರಿ ಊಟವಾದ ಮೇಲೆ ಮನೆಯ ಯಾರಾದರೂ, ಶಾಲೆಗೆ ಹೋಗುವ ಮೊಮ್ಮಗಳಾದರೂ ಸರಿ, ಪಕ್ಕ ಕೂತು ಕೇಳುತ್ತ ಅಂಕ ಹಾಕಲಿ. ಮುಂದಿನ ಸಲ ಫಿಸಿಯೋ ಬಳಿ ಹೋಗುವಾಗ ಎಕ್ಸರೇ, ರಕ್ತದ ರಿಪೋರ್ಟುಗಳ ಜೊತೆ ಆ ನೋಟ್‌ಬುಕ್ಕೂ ಚೀಲದಲ್ಲಿರಲಿ.